ದೇಸಾಯರ ಪೈಪಿನ ಮೇಲಿನ ಹಲ್ಲಿನ ಗುರುತು

ಹತ್ತೊಂಬತ್ತು ವರ್ಷ ನಾನು ಜನರ ಬಾಯಿಗೆ ಹೋಗುವ ಸಾಮಾನು ಮಾಡಿದೆ. ಅಡಿಗೆಯ ಮಾತು ಬೇರೆ, ಅದು ಇನ್ನೂ ನಡೆದೇ ಇದೆ. ನಾನು ಹೇಳುತ್ತಿರುವುದು ತಂಬಾಕು ಸೇದುವ ಪೈಪಿನ ಸಂಗತಿ. ಪುಣೆಯ ಬಿಬವೇವಾಡಿಯಲ್ಲಿ ನಮ್ಮ ಮನೆಯ ಕೆಳಗೆ, ಹಿಟ್ಟಿನ ಗಿರಣಿಯ ಮಗ್ಗುಲಿಗೆ, ಕೈಯಿಂದ ಪೈಪು ಮಾಡುವ ಕಾರಖಾನೆ ಇತ್ತು. ದೊಡ್ಡದೇನಲ್ಲ, ಎರಡು ಖೋಲಿ, ಮೂರು ಮೋಟರು. ಈಗ ವಿಮಾನನಗರದಲ್ಲಿ ಇಬ್ಬರು ಹುಡುಗಿಯರು ಅದೇ ಕೆಲಸ ಹೊಸದಾಗಿ ಹಿಡಿದಿದ್ದಾರೆ. ಬೆಂಗಳೂರು ಕಡೆಯವರು. ಯಾರನ್ನೋ ಕೇಳಿಕೊಂಡು ನನ್ನ ಮನೆಗೆ ಬಂದರು.

"ವೀಡಿಯೋದಲ್ಲಿ ಎಲ್ಲಾ ತೋರಿಸ್ತಾರೆ ಆಂಟಿ. ಏನು ಕೆಡುತ್ತೆ ಅನ್ನೋದು ಮಾತ್ರ ತೋರಿಸಲ್ಲ. ಅದನ್ನ ಬರೆದುಕೊಡ್ತೀರಾ?" ಅಂದಳು ಅವರಲ್ಲಿ ಸಣ್ಣಾಕೆ.

"ಕೆಡಿಸಿದ್ದು ಬೇಕಂದ್ರ ನನ್ನ ಕಡೆ ರಗಡ ಅದ," ಅಂದೆ. ಹಾಗಾಗಿ ಬರೆಯುತ್ತಿದ್ದೇನೆ.

ನಾನು ಕೆಲಸಕ್ಕೆ ಸೇರಿದ್ದು ಜಗಳ ಮಾಡಲು ಹೋಗಿ. ಬೆಳಿಗ್ಗೆ ನಾನು ಪೂಜೆಗೆ ಕೂತರೆ ಸಾಕು, ಕೆಳಗೆ ಪಾಲಿಶ್ ಮಾಡುವ ಮೋಟರು ಗುಂಯ್ ಅನ್ನುತ್ತಿತ್ತು. ಗಂಟೆ ಬಾರಿಸಿದ್ದು ನನಗೇ ಕೇಳಿಸದು, ಇನ್ನು ದೇವರಿಗೆಲ್ಲಿ ಕೇಳಿಸೀತು. ಒಂದು ದಿನ ಮಡಿಸೀರೆಯಲ್ಲೇ ಇಳಿದುಹೋದೆ. ಯಜಮಾನರನ್ನು ಎಲ್ಲರೂ ಕಾಕಾ ಅನ್ನುತ್ತಿದ್ದರು. ಮರಾಠಿಯವರು, ತೆಳ್ಳನೆಯ ಮನುಷ್ಯ, ಹುಬ್ಬಿನ ಮೇಲೆಲ್ಲ ಮರದ ಪುಡಿ. ನಮ್ಮ ಮಾತುಕತೆ ಮರಾಠಿಯಲ್ಲೇ ನಡೆಯುತ್ತಿತ್ತು. ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

"ಅರ್ಧ ತಾಸು ನಿಲ್ಲಿಸ್ತೀನಿ," ಅಂದರು ಕಾಕಾ. "ಆದರೆ ಸಿಟ್ಟಿನಲ್ಲಿ ನಿಮ್ಮ ಕೈಗೆ ಸಿಕ್ಕಿದ್ದನ್ನು ಕೆಳಗಿಡಿ, ಅದಿನ್ನೂ ಮುಗಿದಿಲ್ಲ."

ನೋಡಿದರೆ ಕೈಯಲ್ಲಿ ಒಂದು ಪೈಪಿನ ಕೊಳವೆ. ಬಾಯಲ್ಲಿ ಹಿಡಿಯುವ ಕರಿಯ ತುಂಡು. ಮಾತಾಡುತ್ತ ಯಾವಾಗ ಎತ್ತಿಕೊಂಡಿದ್ದೆನೋ. "ಮುಗಿದಿಲ್ಲ ಅನ್ನೋದು ಗೊತ್ತಾಗ್ತದ. ಇಲ್ಲಿ ದಪ್ಪ ಆಗ್ಯದ, ಈ ಕಡೆ ಅಂಚು ತೆಳ್ಳಗ," ಅಂದೆ. ಕಾಕಾ ಅದನ್ನು ಇಸಿದುಕೊಂಡು ಅಳತೆ ಹಾಕಿದರು. ಕೂದಲೆಳೆಯಷ್ಟು ಹೆಚ್ಚು ದಪ್ಪವಿತ್ತು.

"ಎಲ್ಲಿ ಕಲಿತಿರಿ?"

"ಜೋಳದ ರೊಟ್ಟಿ ತಟ್ತೀನಲ್ಲ."

ಮರುವಾರದಿಂದ ನಾನು ಅಲ್ಲಿ. ಮಧ್ಯಾಹ್ನ ಅಡಿಗೆಮನೆ ಒರೆಸಿ ಇಳಿದರೆ ನಮ್ಮ ಮನೆಯವರು ಚಾಕಣದ ಕಾರಖಾನೆಯಲ್ಲಿ ಪಾಳಿ ಮುಗಿಸಿ ಬರುವ ಹೊತ್ತಿಗೆ ಹತ್ತಿ ಬರುತ್ತಿದ್ದೆ. ಹೊಟ್ಟೆಪಾಡಿಗೆ ಮನೆಯ ಬುಡದಲ್ಲೇ ಕೆಲಸ ಕೊಟ್ಟ ದೇವರಿಗೆ ಅವತ್ತು ಒಂದು ತೆಂಗಿನಕಾಯಿ ಒಡೆದೆ.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ಪೈಪಿನ ಬಟ್ಟಲು ಬ್ರಾಯರ್ ಎಂಬ ಪೊದೆಯ ಬೇರಿನ ಗಂಟಿನದು. ಪರದೇಶದಿಂದ ಬರುತ್ತದೆ, ಬೆಂಕಿಗೆ ಸುಲಭಕ್ಕೆ ಸುಡುವುದಿಲ್ಲ. ಬಟ್ಟಲಿಗೆ ಮೇಲಿನಿಂದ ಒಂದು ತೂತು, ಪಕ್ಕದಿಂದ ಹೊಗೆಗೆ ಇನ್ನೊಂದು. ಎರಡೂ ಬಟ್ಟಲಿನ ತಳದಲ್ಲಿ ಸರಿಯಾಗಿ ಕೂಡಬೇಕು. ಪಕ್ಕದ್ದು ಜೋಳದ ಕಾಳಿನಷ್ಟು ಮೇಲೆ ಬಂದರೂ ತಳದಲ್ಲಿ ನೀರು ನಿಂತು ಗುಳುಗುಳು ಅನ್ನುತ್ತದೆ. ಅದು ಕಾಕಾನ ಕೆಲಸ. ಬಾಯಿಗೆ ಹಿಡಿಯುವ ಕೊಳವೆ ಎಬೊನೈಟ್ ಎಂಬ ಗಟ್ಟಿ ರಬ್ಬರಿನದು. ಅದನ್ನು ಅರಕ್ಕೆ ಹಾಕಿ, ಬಿಸಿಮಾಡಿ ಬಗ್ಗಿಸಿ, ಕನ್ನಡಿಯಂತೆ ಹೊಳೆಯಿಸುವುದು ನನ್ನ ಕೆಲಸ. ಕೆಲಸದ ಚಂದವೆಲ್ಲ ಬಟ್ಟಲಿನಲ್ಲಿ ಅದೆ ಅಂತ ನೋಡುವವರು ತಿಳಿಯುತ್ತಾರೆ. ಸೇದುವವರನ್ನು ಕೇಳಿ, ಕೊಳವೆಯ ತುದಿಯಲ್ಲಿ ಅದೆ ಅನ್ನುತ್ತಾರೆ. ನಾಲಿಗೆ ಮುಟ್ಟುವುದು ಅದನ್ನೇ.

ಮೊದಲ ತಿಂಗಳಲ್ಲೇ ಒಂದು ದಿನ ಹದಿನಾಲ್ಕು ಕೊಳವೆ ಕೆಡಿಸಿದೆ. ಬಗ್ಗಿಸುವ ಮೊದಲು ಒಳಗೆ ತಂತಿ ತೂರಿಸಬೇಕು, ಇಲ್ಲದಿದ್ದರೆ ತೂತು ಮುಚ್ಚಿಹೋಗುತ್ತದೆ. ಅವತ್ತು ಏಕಾದಶಿ, ಮನಸ್ಸಿನಲ್ಲಿ ನಾಮ ಎಣಿಸುತ್ತ ಕೂತವಳು ತಂತಿ ಮರೆತೆ. ಒಂದಲ್ಲ, ಹದಿನಾಲ್ಕಕ್ಕೂ.

"ರೊಟ್ಟಿ ಸೀದರೆ ಏನು ಮಾಡ್ತೀರಿ?" ಕಾಕಾ ಕೇಳಿದರು.

"ಇನ್ನೊಂದು ತಟ್ತೀನಿ."

"ಹಾಗಾದರೆ ತಟ್ಟಿ. ದೇವರ ನಾಮ ಬಗ್ಗಿಸುವಾಗ ಬೇಡ, ಉಜ್ಜುವಾಗ ಹೇಳಿ. ಉಜ್ಜುವುದು ಕೊನೆಯಿಲ್ಲದ್ದು, ನಾಮಕ್ಕೆ ಸರಿಹೋಗುತ್ತೆ."

ಬೈಯುತ್ತಿದ್ದುದು ಮಂದಾ. ಬಟ್ಟಲುಗಳಿಗೆ ಮೇಣ ಹಚ್ಚಿ ಹೊಳಪು ಕೊಡುವವಳು, ನನಗಿಂತ ಹಳಬಳು. ಬೆಳಿಗ್ಗೆ ಬಂದವಳೇ ಹುರಿದ ತಂಬಾಕಿನ ಪುಡಿ ಮಿಶ್ರಿಯಿಂದ ಹಲ್ಲುಜ್ಜಿ ಕೂಡುವಳು. ನನ್ನ ಮಡಿ ಕಂಡರೆ ಅವಳಿಗೆ ನಗು. ಹೊಸ ಪೈಪನ್ನು ಒಮ್ಮೆ ಬಾಯಲ್ಲಿಟ್ಟು ಎಳೆದು, ಗಾಳಿ ಸರಾಗ ಬರುತ್ತದೋ ನೋಡಬೇಕು. ನಾನು ಮಾತ್ರ ಬಾಯಿಗಿಡಲಿಲ್ಲ. ಬಟ್ಟಲಿನ ಮೇಲೆ ಊದುಬತ್ತಿ ಹಿಡಿದು, ಕೊಳವೆಯ ತುದಿಗೆ ರಬ್ಬರಿನ ಬುರುಡೆ ಸಿಗಿಸಿ ಒತ್ತಿ ಬಿಡುತ್ತಿದ್ದೆ. ಹೊಗೆ ನೆಟ್ಟಗೆ ಒಳಗಿಳಿದರೆ ಸರಿ, ತಡವರಿಸಿದರೆ ಎಲ್ಲೋ ಅಡ್ಡ ಬಂದಿದೆ.

"ನೋಡ್ರೇ, ಪೈಪಿಗೆ ಆರತಿ ನಡೀತು," ಮಂದಾ ಅನ್ನುವಳು. "ಪ್ರಸಾದ ಯಾವಾಗ?"

ಊದುಬತ್ತಿಯ ಪರೀಕ್ಷೆ ಒಳ್ಳೆಯದೇ. ಹುಡುಗಿಯರೇ, ಬೇಕಾದರೆ ನೀವೂ ಮಾಡಿ. ಆದರೆ ನಾನು ಅದನ್ನು ಹುಡುಕಿದ್ದು ಕುಶಲತೆಯಿಂದಲ್ಲ, ಹೇಸಿಗೆಯಿಂದ. ಆ ಹೇಸಿಗೆಯೇ ಮುಂದೆ ನನ್ನ ಕೈ ಕೆಡಿಸಿತು.

ನಮ್ಮ ಭಜನಾ ಮಂಡಳಿಯಲ್ಲಿ ಏನು ಕೆಲಸ ಅಂತ ಕೇಳಿದರೆ "ಮರದ ಸಾಮಾನು ಮಾಡ್ತೀವ್ರಿ" ಅನ್ನುತ್ತಿದ್ದೆ. ಒಬ್ಬಾಕೆ ಮೊಮ್ಮಗನಿಗೆ ಆಟದ ಲಟಪಟಿ ಗಾಡಿ ಮಾಡಿಕೊಡಿ ಅಂದುಬಿಟ್ಟಳು. ಕಾಕಾ ನಗದೆ ಮಾಡಿಕೊಟ್ಟರು, ಬ್ರಾಯರ್ ಮರದ ಗಾಲಿ ಹಾಕಿ. ಚಟದ ಸಾಮಾನು ಮಾಡಿದ ಪಾಪ ನನಗೆ ಎಷ್ಟು ಬರುತ್ತದೋ ದೇವರೇ ಬಲ್ಲ. ಹತ್ತು ಬೆರಳೂ ಇವೆ, ಉಸಿರು ಸರಿಯಿದೆ. ಅಷ್ಟರಮಟ್ಟಿಗೆ ಅವನು ಕಣ್ಣು ಮುಚ್ಚಿಕೊಂಡಿದ್ದಾನೆ.

ಹೊಸ ಪೈಪಿನ ಬೇಡಿಕೆ ಕಡಿಮೆಯಾದ ಮೇಲೆ ಹಳೆಯವು ದುರಸ್ತಿಗೆ ಬರತೊಡಗಿದವು. ನನಗೆ ಅದು ಯಮಯಾತನೆ. ಯಾರ್‍ಯಾರದೋ ಬಾಯಿಂದ ಬಂದದ್ದು, ಎಂಜಲು. ಹಳೆಯ ಎಬೊನೈಟ್ ಹಸಿರುಗಟ್ಟಿ, ಉಜ್ಜಿದರೆ ಗಂಧಕದ ನಾತ. ತುದಿಯಲ್ಲಿ ಹಲ್ಲಿನ ಗುರುತು. ಕೈಗೆ ಕವಚ ಹಾಕಿ, ಸೋಡಾದ ಬಿಸಿನೀರಿನಲ್ಲಿ ಎರಡು ಸಲ ಅದ್ದಿ, ಸ್ಪಿರಿಟಿನಲ್ಲಿ ಒರೆಸಿ, ಆಮೇಲೆ ಕೆಲಸ. ಆ ರಬ್ಬರಿನ ಗುಣ ಒಂದದೆ: ಸಣ್ಣ ಉರಿಯ ಮೇಲೆ ಹಿಡಿದರೆ ತಗ್ಗಿದ್ದ ಗುರುತು ತಾನಾಗಿ ಮೇಲೇಳುತ್ತದೆ. ಉಳಿದಿದ್ದನ್ನು ಅರದಿಂದ ತೆಗೆದು ಹೊಳಪು ಕೊಟ್ಟರೆ ಯಾರ ಬಾಯೂ ಮುಟ್ಟದ ಹಾಗೆ ಆಗುತ್ತಿತ್ತು. ಗಿರಾಕಿಗಳು ಬೆರಗಾಗುತ್ತಿದ್ದರು. ನನಗೂ ಸ್ವಲ್ಪ ಜಂಬ ಬಂದಿತ್ತು.

ಆ ಹೊತ್ತಿನಲ್ಲೇ ನಳಿನಿಬಾಯಿ ಬಂದದ್ದು. ಎಪ್ಪತ್ತರ ಹತ್ತಿರದ ಮರಾಠಿ ಹೆಂಗಸು, ಕೈಯಲ್ಲಿ ಕರವಸ್ತ್ರದಲ್ಲಿ ಸುತ್ತಿದ ಪೈಪು. ಅದು ಅವರ ಗಂಡ ದೇಸಾಯರದು. ದೇಸಾಯರು ನಮ್ಮ ಧಾರವಾಡದವರು, ಕಾರಖಾನೆಯೊಂದರಲ್ಲಿ ನಕ್ಷೆ ಬರೆಯುತ್ತಿದ್ದವರು. ಎರಡೂ ಕೈ ಹಲಗೆಯ ಮೇಲಿರಬೇಕಲ್ಲ, ಹಾಗಾಗಿ ಮೂವತ್ತು ವರ್ಷ ಪೈಪನ್ನು ಎಡಗಡೆ ಹಲ್ಲಿನಲ್ಲಿ ಕಚ್ಚಿ ಹಿಡಿದೇ ಕೆಲಸ ಮಾಡಿದ್ದರು. ಈಗ ನೆನಪು ಹೋಗಿತ್ತು. ಹೆಂಡತಿಯ ಗುರುತು ಸಿಗುತ್ತಿರಲಿಲ್ಲ, ಮರಾಠಿ ಮರೆತು ಬರೀ ಕನ್ನಡ ಉಳಿದಿತ್ತು. ಡಾಕ್ಟರು ತಂಬಾಕು ಬಿಡಿಸಿದ್ದರು. ಆದರೆ ಖಾಲಿ ಪೈಪನ್ನು ಬಾಯಿಗೆ ಕೊಟ್ಟರೆ ಕುರ್ಚಿಯಲ್ಲಿ ಕೂತು, ತೊಡೆಯ ಮೇಲೆ ಬೆರಳಿನಿಂದ ಗೆರೆ ಎಳೆಯುತ್ತ ತಾಸುಗಟ್ಟಲೆ ಸುಮ್ಮನಿರುತ್ತಿದ್ದರಂತೆ. ಕೊಡದಿದ್ದರೆ ಆಫೀಸಿಗೆ ಹೊತ್ತಾಯಿತು ಅಂತ ಬಾಗಿಲು ಜಗ್ಗುವುದು, ಊಟ ದೂಡುವುದು.

"ಒಳಗಿನ ಕಿಟ್ಟ ಕಹಿಯಾಗಿ ಅವರ ಬಾಯಿಗೆ ಬರುತ್ತೆ. ಅದೊಂದು ತೆಗೆದುಕೊಡಿ. ಎರಡು ದಿನದಲ್ಲಿ ಬೇಕು, ಅದಿಲ್ಲದೆ ನನಗೆ ಅವರನ್ನು ಹಿಡಿಯೋಕಾಗಲ್ಲ," ಅಂದರು ನಳಿನಿಬಾಯಿ.

ಕಾಕಾ ಚೀಟಿ ಬರೆದು ಕಟ್ಟಿದರು: ಒಳಗಿನ ಕಿಟ್ಟ ಮಾತ್ರ.

ಚೀಟಿ ನಾನು ಓದಿದೆ. ಓದಲಿಲ್ಲ ಅಂತ ಸುಳ್ಳು ಹೇಳುವುದಿಲ್ಲ. ಬಟ್ಟಲಿಗೆ ಉಪ್ಪು ತುಂಬಿ ಸ್ಪಿರಿಟು ಹನಿಸಿ ಒಂದು ದಿನ ಬಿಟ್ಟೆ. ಕೊಳವೆಯ ತೂತಿನಿಂದ ಕಪ್ಪು ಡಾಂಬರು ಬಂತು, ತಂತಿಯಿಂದ ಎಳೆದೆಳೆದು ತೆಗೆದೆ. ಕೆಲಸ ಅಲ್ಲಿಗೆ ಮುಗಿಯಿತು. ಆದರೆ ಕೊಳವೆಯ ತುದಿ ಕಣ್ಣಿಗೆ ಬಿತ್ತು. ಎಡಗಡೆಗೆ ಓರೆಯಾಗಿ ಮೇಲೆ ಎರಡು ಗುಳಿ, ಕೆಳಗೆ ಒಂದು, ಹೆಬ್ಬೆರಳು ಜಾರಿ ಕೂಡುವಷ್ಟು ಆಳ. ಮರುದಿನ ನವರಾತ್ರಿ ಕೂಡುವುದಿತ್ತು. ಮನೆಯಲ್ಲಿ ಪಾತ್ರೆ ಪಡಗ ಎಲ್ಲ ತೊಳೆದಿಟ್ಟು ಬಂದಿದ್ದೆ. ಇಷ್ಟು ಎಂಜಲು ಉಳಿಸಿ ಹೇಗೆ ಕಳಿಸುವುದು ಅನ್ನಿಸಿತು. ಪಾಪ ಆ ಮುದುಕರಿಗೂ ಹೊಸದರಂತೆ ಆದೀತು, ನನಗೂ ಒಂದಿಷ್ಟು ಪುಣ್ಯ. ಉರಿಗೆ ಹಿಡಿದೆ. ಗುಳಿ ಅರ್ಧ ಮೇಲೆದ್ದವು. ಉಳಿದಿದ್ದನ್ನು ಅರದಿಂದ ಇಳಿಸಿದೆ. ನಾಮ ಹೇಳುತ್ತಲೇ ಇಳಿಸಿದೆ.

ನಳಿನಿಬಾಯಿ ಬಂದಾಗ ಕಾಕಾ ಇರಲಿಲ್ಲ. ಪೈಪನ್ನು ಕಂಡು ಅವರ ಮುಖ ಅರಳಿತು. "ಮದುವೆಯಲ್ಲಿ ನೋಡಿದ ಹಾಗಿದೆ," ಅಂದರು. ನಾನು ಬೀಗಿದೆ.

ಮೂರನೆಯ ದಿನ ಮತ್ತೆ ಬಂದರು. ಕಣ್ಣು ಕೆಂಪಾಗಿತ್ತು, ಮೊಣಕೈಯ ಹತ್ತಿರ ಪರಚಿದ ಗಾಯ. ಪೈಪನ್ನು ಕಾಕಾನ ಮುಂದಿಟ್ಟರು.

"ಬಾಯಲ್ಲಿಟ್ಟುಕೊಂಡು ಎಡಕ್ಕೆ ತರ್ತಾರೆ, ಬಲಕ್ಕೆ ತರ್ತಾರೆ, ತೆಗೆದು ಒಗೀತಾರೆ. 'ನಂದಲ್ಲ, ನಂದಲ್ಲ' ಅಂತಾರೆ. ಅಷ್ಟು ಕನ್ನಡ ನನಗೂ ಬರುತ್ತೆ. ಮೂರು ದಿನದಿಂದ ಕೂತಿಲ್ಲ, ಉಂಡಿಲ್ಲ. ನೀವು ಬೇರೆ ಕೊಳವೆ ಹಾಕಿದಿರಾ?"

ಕಾಕಾ ತುದಿಯನ್ನು ಹೆಬ್ಬೆರಳಿನಿಂದ ಸವರಿ ನೋಡಿದರು. ಅವರಿಗೆ ಒಂದೇ ಕ್ಷಣ ಸಾಕಾಯಿತು. "ಕೊಳವೆ ಅದೇ. ತಪ್ಪು ನನ್ನದು, ನಳಿನಿಬಾಯಿ. ಹೆಚ್ಚು ಉಜ್ಜಿದೆ," ಅಂದರು.

ಮಂದಾ ನನ್ನ ಮುಖ ನೋಡಿದಳು. ಅವತ್ತು ದೇವರು ನನಗೆ ಬಾಯಿ ಕೊಟ್ಟ, ಅದು ಅವನ ದಯೆ. "ಕಾಕಾ ಅಲ್ಲ," ಅಂದೆ, "ನಾನು ಉಜ್ಜಿದ್ದು. ಯಾರೂ ಹೇಳಿರಲಿಲ್ಲ."

ನಳಿನಿಬಾಯಿ ಬೈಯಲಿಲ್ಲ. "ಮತ್ತೆ ಹಾಕೋಕಾಗುತ್ತಾ?" ಅಂತ ಕೇಳಿದರು, ಸೀರೆಯ ಕಲೆ ಹೋಗುತ್ತದಾ ಅಂತ ಕೇಳುವ ಹಾಗೆ.

ಹೊಳಪು ಕೊಡುವುದನ್ನು ಹತ್ತು ವರ್ಷ ಕಲಿತಿದ್ದೆವು, ಅದನ್ನು ತೆಗೆಯುವುದು ಯಾರಿಗೂ ಬರುತ್ತಿರಲಿಲ್ಲ. ಕಾಕಾ ಮೊದಲು ಇಕ್ಕಳದಿಂದ ಬೇರೆ ತುಂಡಿನ ಮೇಲೆ ಪ್ರಯತ್ನಿಸಿದರು. ಕಬ್ಬಿಣ ಒತ್ತಿದರೆ ರಬ್ಬರು ಸೀಳುತ್ತಿತ್ತು. ದೇಸಾಯರ ಕೊಳವೆಯನ್ನಂತೂ ನಾನು ಅರ ಹಾಕಿ ತೆಳ್ಳಗೆ ಮಾಡಿದ್ದೆ, ಒಂದು ಸಲ ತಪ್ಪಿದರೆ ಮುಗಿಯಿತು. ಬಿಸಿ ಮಾಡಿಕೊಂಡು ಹೋಗಿ ದೇಸಾಯರಿಂದಲೇ ಕಚ್ಚಿಸೋಣವೆಂದರೆ ಅವರ ಎಡಗಡೆ ಹಲ್ಲು ಅಲುಗುತ್ತವೆ, ಬಿಸಿಯದನ್ನು ಬಾಯ ಹತ್ತಿರ ತಂದರೆ ಕೈ ದೂಡುತ್ತಾರೆ ಅಂದರು ನಳಿನಿಬಾಯಿ.

"ಹಲ್ಲಿನ ಕೆಲಸ ಹಲ್ಲೇ ಮಾಡಬೇಕು," ಅಂದರು ಕಾಕಾ ಕೊನೆಗೆ. "ನನ್ನವು ಕಟ್ಟಿಸಿದ ಹಲ್ಲು."

"ನಾನು ಕಚ್ತೀನಿ," ಅಂದಳು ಮಂದಾ.

"ನಿನ್ನ ಎಡಗಡೆ ಎರಡು ಇಲ್ಲ. ಮಿಶ್ರಿ ತಿಂದು ಹಾಕಿದೆ."

ಇಬ್ಬರೂ ನನ್ನ ಕಡೆ ನೋಡಲಿಲ್ಲ. ನೋಡದಿದ್ದುದೇ ಕಷ್ಟವಾಯಿತು. ನವರಾತ್ರಿಯ ಐದನೆಯ ದಿನ, ನಾನು ಒಪ್ಪತ್ತು. ಗುರುತು ಎಲ್ಲಿತ್ತು, ಎಷ್ಟು ಆಳ ಇತ್ತು ಅಂತ ತಿಳಿದಿದ್ದುದು ಇಡೀ ಪುಣೆಯಲ್ಲಿ ಎರಡೇ ಕಡೆ: ದೇಸಾಯರ ಬಾಯಿ, ನನ್ನ ಹೆಬ್ಬೆರಳು.

ಕೈಕವಚ ತೆಗೆದೆ. ಬಿಸಿ ಮರಳಿನಲ್ಲಿ ಕೊಳವೆಯ ತುದಿ ಮೆತ್ತಗಾಗುವವರೆಗೆ ಹಿಡಿದೆ, ಒಳಗೆ ತಂತಿ ತೂರಿಸಿದೆ. ಈ ಸಲ ಮರೆಯಲಿಲ್ಲ. ಎಡಗಡೆ ಹಲ್ಲಿನ ನಡುವೆ ಓರೆಯಾಗಿ ಇಟ್ಟುಕೊಂಡು ಕಚ್ಚಿದೆ. ಗಂಧಕ, ಹೊಗೆ, ಆಮೇಲೆ ಯಾವುದೋ ಹಳೆಯ ಸಿಹಿ ನಾಲಿಗೆಗೆ ಬಂತು. ವಾಂತಿ ಬರಲಿಲ್ಲ. ಮಂದಾ ತಣ್ಣೀರಿನ ಬಟ್ಟಲು ಹಿಡಿದು ನಿಂತಿದ್ದಳು. ತುದಿಯನ್ನು ನೀರಿಗೆ ಅದ್ದಿ, ಹೆಬ್ಬೆರಳಿನಿಂದ ನೋಡಿ, ಮತ್ತೆ ಬಿಸಿ ಮಾಡಿ, ಮತ್ತೆ ಕಚ್ಚಿದೆ. ಬಿಸಿ ಮಾಡಿದಾಗೆಲ್ಲ ನನ್ನ ಗುರುತು ಮೇಲೆದ್ದು ಅಳಿಸಿಹೋಗುತ್ತಿತ್ತು. ಸಂಜೆಯಾಯಿತು. ಕೊನೆಗೆ ಮೇಲೆ ಎರಡು, ಕೆಳಗೆ ಒಂದು. ನನ್ನ ಹೆಬ್ಬೆರಳು ಇದೇ ಅಂದಿತು.

ಮರುದಿನ ಕಾಕಾ ಮತ್ತು ನಾನು ದೇಸಾಯರ ಮನೆಗೆ ಹೋದೆವು. ಎತ್ತರದ ಆಳು, ಗಡ್ಡ ಬೆಳೆದಿತ್ತು. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ಓಡಾಡುತ್ತಿದ್ದರು. ನಾನು ಕನ್ನಡದಲ್ಲಿ ಮಾತಾಡಿದೆ.

"ಕೂಡ್ರಿ ದೇಸಾಯರ. ನಿಮ್ಮ ಪೈಪ್ ತಂದೀನ್ರಿ."

ಕನ್ನಡ ಕೇಳಿ ನಿಂತರು. "ಯಾವ ಕಡೆಯವರ್ರಿ ನೀವು?"

"ಧಾರವಾಡ ಕಡೆಯವರ ರೀ. ನಿಮ್ಮವರ."

"ಹಂಗೇನು," ಅಂತ ಕೂತರು. ಅಷ್ಟಕ್ಕೇ ನಳಿನಿಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಪೈಪು ಕೊಟ್ಟೆ. ಬಾಯಲ್ಲಿಟ್ಟರು, ಎಡಕ್ಕೆ ತಂದರು. ಹಲ್ಲು ಹುಡುಕಿತು. ಒಂದು ಕ್ಷಣ ಬೆರಳು ತೊಡೆಯ ಮೇಲೆ ಹೋಯಿತು, ಗೆರೆ ಎಳೆಯಲು ಅನ್ನುವ ಹಾಗೆ. ಬೆರಳು ನಿಂತಿತು. ಪೈಪನ್ನು ತೆಗೆದರು. ಒಗೆಯಲಿಲ್ಲ. ತುದಿಯನ್ನು ಅಂಗಿಯ ಅಂಚಿನಿಂದ ಚೆನ್ನಾಗಿ ಒರೆಸಿ, ಎರಡೂ ಕೈಯಿಂದ ನನ್ನ ಕಡೆ ಚಾಚಿದರು.

"ಇದು ನಿಮ್ದ ಅದ ಅಕ್ಕಾರ. ತಪ್ಪಿ ನನ್ನ ಬಾಯಾಗ ಬಂತು, ಮಾಫ್ ಮಾಡ್ರಿ. ನಂದು ಎಲ್ಲ್ಯಾರ ಸಿಕ್ರ ಹೇಳ್ರಿ."

ಏನಂದರು ಅಂತ ಕಾಕಾ ಕೇಳಿದರು. ನಾನು ಮರಾಠಿಯಲ್ಲಿ ಹೇಳಲಾರದೆ ಹೋದೆ.

ಹುಡುಗಿಯರೇ, ನೀವೀಗ ಅಕ್ರಿಲಿಕ್ ಕೊಳವೆ ಹಾಕುತ್ತೀರಿ. ಹಸಿರುಗಟ್ಟುವುದಿಲ್ಲ, ಹಲ್ಲು ಅಷ್ಟು ಬೇಗ ನಾಟುವುದಿಲ್ಲ, ಒಳ್ಳೆಯದೇ. ಆದರೆ ಹಳೆಯದು ಬಂದರೆ ಅರ ಎತ್ತುವ ಮೊದಲು ತಂದವರನ್ನು ಕೇಳಿ: ಗುರುತು ಇರಲೋ, ಹೋಗಲೋ? ಆ ಮೇಲೆ ನಾನು ಕೇಳದೆ ಒಂದನ್ನೂ ಮುಟ್ಟಲಿಲ್ಲ. ಹತ್ತರಲ್ಲಿ ಆರೇಳು ಮಂದಿ ಇರಲಿ ಅಂದರು. ಅದಕ್ಕೆ ಮೊದಲು ಎಷ್ಟು ಜನರದನ್ನು ಕೇಳದೆ ಅಳಿಸಿದ್ದೆನೋ. ಅವರು ಒಳ್ಳೆಯವರು, ಹೊಗಳಿ ಹೋದರು.

ದೇಸಾಯರ ಮನೆಗೆ ಪ್ರತಿ ಗುರುವಾರ ಹೋಗತೊಡಗಿದೆ. ಪೈಪಿಲ್ಲದೆ ಅವರು ಕೂಡುತ್ತಿರಲಿಲ್ಲ; ಕನ್ನಡದಲ್ಲಿ ಮಾತಾಡಿದರೆ ಒಂದು ತಾಸು ಕೂಡುತ್ತಿದ್ದರು, ನಳಿನಿಬಾಯಿ ಅಷ್ಟರಲ್ಲಿ ಸ್ನಾನ ಮಾಡಿ ಎರಡು ತುತ್ತು ಉಣ್ಣುವರು. ವಾರದ ಉಳಿದ ಹೊತ್ತೆಲ್ಲ ನಳಿನಿಬಾಯಿ ಬಾಗಿಲಿಗೆ ಅಡ್ಡ ನಿಂತೇ ಕಳೆಯಬೇಕು. ಅವರಿಂದ ನಾನು ಕಿತ್ತುಕೊಂಡದ್ದು ಆ ಹೊತ್ತು. ಹಿಂದಿರುಗಿಸಿದ್ದು ವಾರಕ್ಕೆ ಒಂದು ತಾಸು. ನಾನು ಯಾರೆಂದು ದೇಸಾಯರಿಗೆ ಪ್ರತಿಸಲ ಹೊಸದಾಗಿ ಹೇಳಬೇಕು. ಆದರೆ ಪೈಪು ಕಳೆದದ್ದು ಮಾತ್ರ ಹೇಗೋ ನೆನಪಿನಲ್ಲಿ ಉಳಿದಿತ್ತು.

"ಸಿಕ್ತೇನ್ರಿ?" ಅನ್ನುವರು.

"ಇನ್ನೂ ಇಲ್ರಿ. ಹುಡುಕ್ಲಿಕ್ಕತ್ತೀವ್ರಿ."

ಐದು ತಿಂಗಳು ಹೀಗೆ ನಡೆಯಿತು. ಕೊನೆಯ ಗುರುವಾರ ಹಾಸಿಗೆ ಹಿಡಿದಿದ್ದರು, ಬಾಗಿಲು ಜಗ್ಗುವ ಶಕ್ತಿ ಹೋಗಿತ್ತು. ಅವರು ಕೇಳಲಿಲ್ಲ. ನಾನೇ ಹೇಳಿದೆ, ಅಭ್ಯಾಸಕ್ಕೆ: "ಇನ್ನೂ ಸಿಕ್ಕಿಲ್ರಿ ದೇಸಾಯರ."

"ಹೋಗ್ಲಿ ಬಿಡ್ರಿ," ಅಂದರು. "ಯಾರರ ತಿಳೀದ ಒಯ್ದಿರಬೇಕು. ಅವರಿಗೇನೂ ಅನ್ನಬ್ಯಾಡ್ರಿ."

ಹೂಂ ರೀ, ಅಂದೆ. ಯಾರ ಮಾತು ಯಾರಿಗೆ ಹೇಳುತ್ತಿದ್ದಾರೆಂದು ಅವರಿಗೆ ತಿಳಿದಿರಲಿಲ್ಲ. ತಿಳಿಯದೆ ಕೊಟ್ಟ ಮಾಫಿ ಸಲ್ಲುತ್ತದೋ ಇಲ್ಲವೋ ನಾನು ಯಾರನ್ನೂ ಕೇಳಿಲ್ಲ. ತೆಗೆದುಕೊಂಡು ಮನೆಗೆ ಬಂದೆ.